ಕೇಬಲ್ ಬಾಗಿಸಿ ನೋಡುವ ಹರಿಣಾಕ್ಷಿ

ಬೆಳಗಿನ ಆರೂ ನಲವತ್ತು. ನವಿ ಮುಂಬಯಿಯ ರಬಾಳೆಯಲ್ಲಿರುವ ಆ ಸಣ್ಣ ಕಂಪನಿಯ ಟೆಸ್ಟಿಂಗ್ ರೂಮಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಹರಿಣಾಕ್ಷಿ ಪೂಜಾರಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಕೇಬಲ್ಲಿನ ತುದಿ ಒರೆಸುತ್ತಿದ್ದಾರೆ. ಒಳಗಿನ ಗುಂಡುಸೂಜಿಯಷ್ಟು ಸಣ್ಣ ಪಿನ್ನನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಆಮೇಲೆ ಅನಲೈಸರ್ ಯಂತ್ರಕ್ಕೆ ಸಿಕ್ಕಿಸಿ, ಕೇಬಲನ್ನು ಮೆಲ್ಲಗೆ ಒಂದು ಸ್ಟೀಲ್ ಲೋಟಕ್ಕೆ ಸುತ್ತುತ್ತಾರೆ. ಕಣ್ಣು ಮಾತ್ರ ಪರದೆಯ ಮೇಲಿನ ಹಸಿರು ಗೆರೆಯ ಮೇಲೆ. ಕೇಬಲ್ ಬಾಗಿದರೂ ಗೆರೆ ಅಲುಗಾಡದಿದ್ದರೆ ರಿಜಿಸ್ಟರಿನಲ್ಲಿ ಒಂದು ರೈಟ್ ಗುರುತು.

ಎಂಜಿನಿಯರುಗಳು ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಮೂವತ್ತನಾಲ್ಕು ಕೇಬಲ್, ಅರವತ್ತೆಂಟು ತುದಿ ಮುಗಿಯಬೇಕು.

ಈ ಕಂಪನಿ ಮಾಡುವುದು ರಾಸಾಯನಿಕ ಟ್ಯಾಂಕುಗಳಿಗೆ ಕೂರಿಸುವ ಮೀಟರ್. ಟ್ಯಾಂಕಿನ ತಲೆಯಿಂದ ಅದು ರೇಡಿಯೋ ಅಲೆ ಬಿಡುತ್ತದೆ. ಅಲೆ ಕೆಳಗಿನ ದ್ರವಕ್ಕೆ ತಗಲಿ ಮರಳಿ ಬಂದರೆ ಟ್ಯಾಂಕು ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಸೆಕೆಂಡಿಗೆ ಸಾವಿರಾರು ಕೋಟಿ ಸಲ ಕಂಪಿಸುವ ಅಲೆ ಅದು. ಮೀಟರನ್ನು ಪರೀಕ್ಷಿಸುವಾಗ ಆ ಅಲೆಯನ್ನು ಕೇಬಲ್ಲಿನ ಮೂಲಕವೇ ಅನಲೈಸರಿಗೆ ಒಯ್ಯಬೇಕು. ಟಿವಿಗೆ ಹಾಕುವಂಥ ಕೇಬಲ್ಲಿನಲ್ಲಿ ಬಿಟ್ಟರೆ ದಾರಿಯಲ್ಲೇ ಸೋರಿಹೋಗುತ್ತದೆ. ದಪ್ಪ ಕೇಬಲ್ಲಿನಲ್ಲಿ ಸೋರಿಕೆ ಕಡಿಮೆ, ಆದರೆ ಅದು ಕೋಲಿನಂತೆ ಸೆಟೆದು ನಿಂತು ಮೀಟರಿನ ಕುತ್ತಿಗೆಯನ್ನೇ ಎಳೆಯುತ್ತದೆ. ಬಳುಕಲೂಬೇಕು, ಸೋರಲೂಬಾರದು. ಅಂಥದ್ದನ್ನು ಆರಿಸುವುದು, ಆರಿಸಿದ್ದನ್ನು ಕಾಯುವುದು ಹರಿಣಾಕ್ಷಿಯವರ ಕೆಲಸ.

ಅವರಿಗೀಗ ಐವತ್ತಾರು. ಕಾರ್ಕಳದ ಕಡೆಯವರು, ಓದಿದ್ದು ಏಳನೇ ಕ್ಲಾಸು. ಠಾಣೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ದೇಜಪ್ಪನವರ ಕೈ ಹಿಡಿದು ಬಂದಾಗ ಮನೆಯೆಂದರೆ ಪಕ್ಕದ ಕಳವಾ ಊರಿನಲ್ಲಿ ಹತ್ತಕ್ಕೆ ಹತ್ತರ ಕೋಣೆ. ಮಗಳು ತನ್ವಿ ಹುಟ್ಟಿದ ಮರುವರ್ಷ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಟಿವಿ ಕೇಬಲ್ ಕಾರ್ಖಾನೆಗೆ ಸೇರಿದರು. ಹದಿನಾಲ್ಕು ವರ್ಷ ತುದಿಗಳಿಗೆ ಬೆಸುಗೆ ಹಾಕಿದರು. ಕಾರ್ಖಾನೆ ಮುಚ್ಚಿದಾಗ ಆರು ತಿಂಗಳು ಮನೆಯಲ್ಲಿ ಕೂತರು. ಆಮೇಲೆ ಸಿಕ್ಕಿದ್ದು ಈ ಕೆಲಸ, ಅದೂ ಕಾಂಟ್ರಾಕ್ಟ್ ಮೇಲೆ. ಇವತ್ತಿಗೂ ವರ್ಷಕ್ಕೊಮ್ಮೆ ಹೊಸ ಕಾಗದಕ್ಕೆ ಸಹಿ ಹಾಕಬೇಕು.

"ಕೇಬಲ್‌ನ ಕ್ಯಾಟಲಾಗ್ ಇಡೀ ಇಂಗ್ಲಿಷ್. ನಂಗೆ ಎಂತ ತಲೆಬುಡ ಗೊತ್ತಾಗ್ತಿರ್ಲಿಲ್ಲ," ಎನ್ನುತ್ತಾರೆ ಹರಿಣಾಕ್ಷಿ. "ತನ್ವಿ ಓದಿ ಓದಿ ಹೇಳುದು. ಅವಳಿಗೆ ಕನ್ನಡ ಅರ್ಥ ಆಗ್ತದೆ, ಮಾತಾಡುದು ಮಾತ್ರ ಹಿಂದಿ. 'ಮಮ್ಮೀ, ಇಸ್‌ಮೇಂ ತೋ ಸಬ್ ಅಚ್ಛಾ ಹೀ ಲಿಖಾ ಹೈ' ಅಂತ ನಗಾಡ್ತಾಳೆ. ಎಲ್ಲ ಒಳ್ಳೇದೇ ಬರ್ದಿದೆ ಅಂತ. ಹೌದಲ್ಲ, ಮಾರುವವ ಕೆಟ್ಟದ್ದು ಬರೀತಾನಾ?"

ಕಳೆದ ಫೆಬ್ರವರಿಯಲ್ಲಿ ನಲವತ್ತು ಮೀಟರುಗಳ ಹೊಸ ಕಂತು ಪರೀಕ್ಷೆಗೆ ಬಂತು. ಮೊದಲ ದಿನ ಒಂಬತ್ತು ಫೇಲು. ಮರುದಿನ ಹನ್ನೊಂದು, ಅದೂ ಬೇರೆಯವೇ. ಅವುಗಳ ವಿನ್ಯಾಸ ಮಾಡಿದ ಸಿದ್ಧೇಶ್ವರ ಬಾಗಲಕೋಟೆ ಕಡೆಯ ಹುಡುಗ, ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಮೂರು ಸಲ ಬೋರ್ಡು ಬಿಚ್ಚಿ ಸರಿಮಾಡಿದರು. ಮೂರು ವಾರ ಕಳೆಯಿತು. ಶುಕ್ರವಾರದೊಳಗೆ ಸರಿಯಾಗದಿದ್ದರೆ ಯೋಜನೆಯೂ ಇಲ್ಲ, ನೀವೂ ಇಲ್ಲ ಎಂದು ಮ್ಯಾನೇಜರ್ ಎಲ್ಲರೆದುರೇ ಹೇಳಿಬಿಟ್ಟರು.

"ಊಟಾನೂ ಸೇರ್ತಿದ್ದಿಲ್ರೀ," ಎಂದು ಸಿದ್ಧೇಶ್ವರ ನೆನೆಯುತ್ತಾರೆ. "ಡಬ್ಬಿ ತಗದು ಹಂಗ ಮುಚ್ಚತಿದ್ದೆ. ಅಕ್ಕಾರು ನೋಡಿದ್ರು."

ನೋಡಿದ ಹರಿಣಾಕ್ಷಿಗೆ ಅಂದು ಮನೆಯಲ್ಲೂ ಸಮಾಧಾನವಿಲ್ಲ. ಫೇಲಾದವೆಲ್ಲ ಎರಡನೇ ಪರೀಕ್ಷಾ ಬೆಂಚಿನಲ್ಲಿ ಕೂರಿಸಿದವು. ಆ ಬೆಂಚಿನ ಕೇಬಲ್ ಹಳೆಯದು. ಹೊಸದು ಬೇಕೆಂದು ಎರಡು ಸಲ ಕೇಳಿ ಬೈಸಿಕೊಂಡ ಮೇಲೆ, ಅದನ್ನು ಬಾಗಿಸಿ ನೋಡುವುದನ್ನೇ ಅವರು ಬಿಟ್ಟಿದ್ದರು. ನೆಟ್ಟಗಿಟ್ಟಾಗ ಗೆರೆ ಸರಿಯಾಗಿ ಬರುತ್ತಿತ್ತು, ರೈಟ್ ಹಾಕುತ್ತಿದ್ದರು. ಆದರೆ ಪರೀಕ್ಷೆಯ ಹೊತ್ತಿಗೆ ಮೀಟರನ್ನು ತಿರುಗಿಸುವಾಗ ಕೇಬಲ್ಲೂ ತಿರುಗುತ್ತದಲ್ಲ! ಗಂಡನಿಗೆ ತುಳುವಿನಲ್ಲಿ ಎಲ್ಲ ಹೇಳಿದರು. ದೇಜಪ್ಪ, "ಹೋಗಿ ಹೇಳು. ಕೆಲಸ ಹೋದ್ರೆ ಹೋಗ್ಲಿ," ಎಂದರು.

ಮರುದಿನ ಬೆಳಿಗ್ಗೆ ಆ ಕೇಬಲನ್ನು ಲೋಟಕ್ಕೆ ಸುತ್ತುತ್ತಿದ್ದಂತೆ ಗೆರೆ ಕುಣಿಯತೊಡಗಿತು. ಹರಿಣಾಕ್ಷಿ ಕೇಬಲನ್ನೂ ರಿಜಿಸ್ಟರನ್ನೂ ಹಿಡಿದು ಮ್ಯಾನೇಜರ್ ಕೋಣೆಗೆ ಹೋದರು. ಸಿದ್ಧೇಶ್ವರ ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು.

"ಆ ಹುಡುಗನ ಮೀಟರ್ ಸರಿ ಉಂಟು ಸರ್. ಕೇಬಲ್ ಹಾಳಾಗಿದೆ. ಬಾಗಿಸಿ ನೋಡದೆ ರೈಟ್ ಹಾಕಿದ್ದು ನಾನು," ಎಂದರು.

ಮ್ಯಾನೇಜರ್ ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುವಿದರು. ಹೊಸ ಕೇಬಲ್ ಕೇಳಿದ ಎರಡು ಬರಹ, ಕೆಳಗೆ ತಮ್ಮದೇ ಸಹಿ, 'ಈಗ ಬೇಡ' ಎಂಬ ಷರಾ. ಅವರು ಬೈಯಲಿಲ್ಲ. ಯಾವುದು ತರಿಸಬೇಕು ಎಂದಷ್ಟೇ ಕೇಳಿದರು.

ಮೂರು ಮಾದರಿ ಬಂದವು. ಹರಿಣಾಕ್ಷಿ ಒಂದೊಂದನ್ನೂ ಐನೂರು ಸಲ ಬಾಗಿಸಿದರು. ಎರಡು ದಿನ ಹಿಡಿಯಿತು, ಹೆಬ್ಬೆರಳು ಬಾತುಕೊಂಡಿತು. ಮ್ಯಾನೇಜರಿಗೆ ಎಲ್ಲಕ್ಕಿಂತ ಕಡಿಮೆ ಸೋರುವ ಕೇಬಲ್ಲೇ ಬೇಕಿತ್ತು. ಮುನ್ನೂರನೇ ಸಲದ ಹೊತ್ತಿಗೆ ಅದರ ಗೆರೆ ಅಲುಗಾಡತೊಡಗಿತು. ಇನ್ನೊಂದು ಮೃದುವಾಗಿದ್ದರೂ ಅರ್ಧಕ್ಕರ್ಧ ಅಲೆ ನುಂಗುತ್ತಿತ್ತು. ಹರಿಣಾಕ್ಷಿ ಆರಿಸಿದ್ದು ಮೂರನೆಯದನ್ನು. ಮೊದಲನೆಯದಕ್ಕಿಂತ ತುಸುವೇ ಹೆಚ್ಚು ಸೋರುವಂಥದ್ದು. ಆದರೆ ಐನೂರನೇ ಸಲ ಬಾಗಿಸಿದಾಗಲೂ ಗೆರೆ ಕದಲಲಿಲ್ಲ.

"ಇಷ್ಟು ಸೋರ್ತದೆ ಅಂತ ಗೊತ್ತಿದ್ರೆ ಯಂತ್ರಕ್ಕೆ ಹೇಳಿ ಅಷ್ಟನ್ನು ಕಳೀಬಹುದು," ಎಂದು ವಿವರಿಸುತ್ತಾರೆ. "ಗಳಿಗೆಗೊಂದು ಮಾತಾಡುವುದನ್ನು ಎಂತ ಅಂತ ಕಳೆಯುದು?"

ಹೊಸ ಕೇಬಲ್ಲಿನಲ್ಲಿ ಮೂವತ್ತೆಂಟು ಮೀಟರ್ ಪಾಸಾದವು. ಎರಡು ನಿಜಕ್ಕೂ ಕೆಟ್ಟಿದ್ದವು. ಆ ಎರಡು ಸಿಕ್ಕಿದ್ದೇ ಹರಿಣಾಕ್ಷಿಗೆ ಹೆಚ್ಚು ಸಂತೋಷ. ಹಳೆಯ ಕೇಬಲ್ಲಿನಲ್ಲಿ ಅವು ಪಾಸಾಗಿ ಹೋಗಿಬಿಡಬಹುದಿತ್ತು. ಅಂದು ಸಿದ್ಧೇಶ್ವರ ಡಬ್ಬಿ ತೆರೆದು, ಹೆಂಡತಿ ಮಾಡಿದ ಶೇಂಗಾ ಹೋಳಿಗೆಯ ಅರ್ಧ ಮುರಿದು ಹರಿಣಾಕ್ಷಿಯ ಕೈಗಿಟ್ಟು, "ಅಕ್ಕಾರ, ತಗೋರಿ," ಎಂದರು.

ಈಗ ಹರಿಣಾಕ್ಷಿಯ ಮನೆ ಡೊಂಬಿವಲಿ ಎಂಐಡಿಸಿಯ ಪಕ್ಕದ ವಸತಿ ಕಟ್ಟಡದ ಮೂರನೇ ಮಾಳಿಗೆಯಲ್ಲಿದೆ. ಗಾಳಿ ಈ ಕಡೆ ತಿರುಗಿದರೆ ಕಿಟಕಿ ಮುಚ್ಚಬೇಕು, ಘಾಟು. ಎದುರಿನ ಕಾರ್ಖಾನೆಯ ಟ್ಯಾಂಕುಗಳಲ್ಲಿ ಒಂದರ ಮೇಲೆ ಆ ಮೂವತ್ತೆಂಟರಲ್ಲೊಂದು ಮೀಟರ್ ಕೂತಿದೆ ಎಂದು ಸಿದ್ಧೇಶ್ವರ ಹೇಳಿದ್ದಾರೆ. ಯಾವುದರ ಮೇಲೆ ಎಂದು ಇಲ್ಲಿಂದ ತಿಳಿಯುವುದಿಲ್ಲ. ಹೊರಗಿನವರನ್ನು ಒಳಗೆ ಬಿಡುವುದೂ ಇಲ್ಲ.

ಇನ್ನೆರಡು ವರ್ಷಕ್ಕೆ ಕೆಲಸ ಬಿಡುತ್ತಾರಂತೆ. ಏನಾದರೂ ಆಸೆ ಇದೆಯೇ ಎಂದರೆ ನಾಚಿಕೊಂಡು ಕಿಟಕಿಯತ್ತ ಕೈ ತೋರಿಸುತ್ತಾರೆ.

"ಒಮ್ಮೆ ಆ ಗೇಟ್ ಒಳಗೆ ಹೋಗಿ ನಮ್ಮ ಮೀಟರ್ ನೋಡ್ಬೇಕು. ದೂರದಿಂದ ಆದ್ರೂ ಸಾಕು," ಎನ್ನುತ್ತಾರೆ. "ನಾನು ಎಂತದೂ ಮುಟ್ಟುದಿಲ್ಲ."