ಚಾಚಿಯ ನಿಂಬೆಗಿಡ ಮತ್ತು ನನ್ನ ಎರಡು ಬೊಗಸೆ ಯೂರಿಯಾ

ಗಿಡವೊಂದಕ್ಕೆ ಮುಖ ತಪ್ಪಿಸಿ ಓಡಾಡುವ ಮನುಷ್ಯ ಇಡೀ ವಿದ್ಯಾಗಿರಿ ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು. ನೀರು ಹಾಕುವ ಹೊತ್ತು ಬಿಟ್ಟರೆ, ಮನೆಯ ಗೇಟು ದಾಟುವಾಗ ನಿಂಬೆಗಿಡದ ಕಡೆ ನೋಡುವುದಿಲ್ಲ. ಮೊಬೈಲಿನಲ್ಲಿ ಏನೋ ಘನಂದಾರಿ ಕೆಲಸ ಇದ್ದವನಂತೆ ಕಣ್ಣು ನೆಟ್ಟು ದಾಟಿಬಿಡುತ್ತೇನೆ. ಎಷ್ಟೋ ಸಲ ಮೊಬೈಲು ಬಂದ್ ಆಗಿರುತ್ತದೆ.

ನಾನು ಕೃಷಿ ಪದವೀಧರ. ಮೊದಲು ಇದನ್ನು ಎದೆ ಉಬ್ಬಿಸಿ ಹೇಳುತ್ತಿದ್ದೆ, ಈಗ ಪೊಲೀಸರ ಮುಂದೆ ಒಪ್ಪಿಕೊಂಡಂತೆ ಹೇಳುತ್ತೇನೆ. ನಾನಿರುವ ಬಾಡಿಗೆ ಕೋಣೆಯ ಒಡತಿ ಹುಸೇನಬಿ ಚಾಚಿ ನನ್ನನ್ನು ಕರೆಯುವುದೇ 'ಡಾಕ್ಟರ್' ಎಂದು. ಗಿಡ ಅವರದು. ಹಳೆ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅಂಗಳದಿಂದ ಕಿತ್ತು, ಎಣ್ಣೆ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಕೂಡಿಸಿಕೊಂಡು ತಂದ ಸಸಿ. ಆ ಅಂಗಳದ್ದು ಅಂತ ಅವರಿಗೆ ಉಳಿದಿರುವುದು ಇದೊಂದೇ.

ಏಪ್ರಿಲ್‌ನಲ್ಲಿ ಚಾಚಿ ಇಳಕಲ್ಲಿನ ಮಗಳ ಮನೆಗೆ ಹೊರಟರು.

"ಡಾಕ್ಟರ್, ದಿನಾ ಎರಡ ಕೊಡ ನೀರು. ಹತ್ತ ದಿನಾ. ಮರೀಬ್ಯಾಡ ಬೇಟಾ."

"ನಿಶ್ಚಿಂತಿ ಹೋಗ್ರಿ ಚಾಚಿ. ಗಿಡಾ ಅಂದ್ರ ನನ್ನ ಸಬ್ಜೆಕ್ಟ್ ರೀ!"

ಎರಡು ದಿನ ಹಾಕಿದೆ. ಮೂರನೇ ದಿನ ಗೆಳೆಯರು ಬಾದಾಮಿಗೆ ಕರೆದರು. ಸಂಜೆ ಬರುತ್ತೇನೆಂದು ಹೋದವನು ಆರು ದಿನ ಅಲ್ಲೇ ಗುಹೆಯ ಮೂರ್ತಿಯಂತೆ ಕೂತುಬಿಟ್ಟೆ. ತಿರುಗಿ ಬಂದಾಗ ಗಿಡದ ಬುಡದಲ್ಲಿ ಎಲೆಗಳ ಹಾಸಿಗೆ.

ಇಲ್ಲಿ ಸ್ವಲ್ಪ ವಿದ್ಯೆ ಹೇಳಬೇಕು, ಮಾನ ಉಳಿಸಿಕೊಳ್ಳಲು. ಸಾರಜನಕ ಸಾಲದಾದರೆ ಗಿಡ ತನ್ನ ಹಳೆ ಎಲೆಗಳಿಂದ ಅದನ್ನು ಹಿಂದಕ್ಕೆ ಎಳೆದು ಚಿಗುರಿಗೆ ಕೊಡುತ್ತದೆ. ಕೆಳಗಿನ ಎಲೆ ಹಳದಿಯಾಗುವುದು ಅದಕ್ಕೇ. ನೀರು ಸಾಲದಾದರೆ ಎಲೆಯ ಸಣ್ಣ ಬಾಯಿಗಳನ್ನು ಮುಚ್ಚುತ್ತದೆ, ಅದೂ ಸಾಲದಾದರೆ ಎಲೆಗಳನ್ನೇ ಉದುರಿಸಿ ಉಸಿರು ಹಿಡಿದು ನಿಲ್ಲುತ್ತದೆ. ಅದು ಸಾಯುವ ಲಕ್ಷಣವಲ್ಲ, ಉಳಿಯುವ ಉಪಾಯ. ಪರೀಕ್ಷೆಯಲ್ಲಿ ಇದನ್ನು ಚಿತ್ರ ಸಮೇತ ಬರೆದು ಪೂರ್ತಿ ಅಂಕ ಹೊಡೆದವನು ನಾನು.

ಆದರೆ ನಾಡಿದ್ದು ಚಾಚಿ ಬರುವವರಿದ್ದರು. ಹೆದರಿದವನ ತಲೆಯಲ್ಲಿ ಎಂಥ ಪದವಿ ನಿಂತೀತು? ಎರಡೇ ದಿನದಲ್ಲಿ ಗಿಡ ಹಸಿರಾಗಬೇಕು ಎಂದು, ಮಟಮಟ ಮಧ್ಯಾಹ್ನ, ಒಣ ಮಣ್ಣಿಗೆ ನನ್ನ ಕೋಣೆಯ ಡಬ್ಬಿಯಿಂದ ಎರಡು ಬೊಗಸೆ ಯೂರಿಯಾ ಸುರಿದೆ. ಮೇಲೆ ಒಂದು ತಂಬಿಗೆ ನೀರು, ತೀರ್ಥದಂತೆ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವುದನ್ನು ನೋಡಿದ್ದೀರಲ್ಲ? ಬೇರುಗಳ ಗತಿ ಅದೇ ಆಯಿತು. ಮರುದಿನ ಉಳಿದ ಎಲೆಗಳ ಅಂಚೂ ಹಂಚಿನ ಮೇಲೆ ಹೊತ್ತಿದ ರೊಟ್ಟಿಯಂತೆ ಕರಕಾಗಿತ್ತು.

ಚಾಚಿ ಬಂದರು. ಕೈಚೀಲ ಕೆಳಗಿಡದೆ ಗಿಡದ ಮುಂದೆ ನಿಂತೇ ಇದ್ದರು.

"ಯಾ ಅಲ್ಲಾ! ಏನಾತೋ ಡಾಕ್ಟರ್?"

"ಬಿಸಲು ಚಾಚಿ. ಈ ವರ್ಷ ಭಾಳ ಬಿಸಲು," ಅಂದೆ. ಸೂರ್ಯನಂತೂ ಕೆಳಗಿಳಿದು ಬಂದು ಸಾಕ್ಷಿ ಹೇಳುವುದಿಲ್ಲ.

"ಖರೆ. ಪಾಪ, ನೀ ಎಷ್ಟ ಕೊಡಾ ಹೊತ್ತಿಯೋ ಏನೋ" ಎಂದು ಅವರು ನನ್ನ ಹೆಗಲು ಸವರಿದರು. ಯೂರಿಯಾ ನನ್ನ ಬೇರಿಗೂ ಇಳಿದಂತಾಯಿತು.

ಮರುದಿನ ಬೆಳಿಗ್ಗೆ ಚಾಚಿ ಬುಡ ಗುಡಿಸಿ ಎಲೆಗಳನ್ನೆಲ್ಲ ತೆಗೆದರು. ಅವತ್ತಿನಿಂದ ದಿನಾ ಮಧ್ಯಾಹ್ನ ನನಗೊಂದು ಲೋಟ ಶರಬತ್ತು, ಅದೇ ಗಿಡದ ಕೊನೆಯ ನಿಂಬೆಹಣ್ಣುಗಳದ್ದು. ನಾನು ಬೆಳಗಾದರೆ ಕೊಡದ ಮೇಲೆ ಕೊಡ ನೀರು ಸುರಿದು ಮಣ್ಣಿನ ಯೂರಿಯಾ ತೊಳೆಯುತ್ತಿದ್ದೆ, ಮಧ್ಯಾಹ್ನವಾದರೆ ಶರಬತ್ತು ನುಂಗಲಾರದೆ ನುಂಗುತ್ತಿದ್ದೆ. ತಿಂಗಳಾದ ಮೇಲೆ ಬೋಳು ಕೊಂಬೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಚಾಚಿಯ ಮುಂದೆ ನಿಜವನ್ನೆಲ್ಲ ಕಕ್ಕಿಬಿಟ್ಟೆ.

"ಚಾಚಿ, ಬಿಸಲಲ್ಲರಿ. ನಾನ. ನೀರ ಹಾಕಲಿಲ್ಲ, ಯೂರಿಯಾ ಹಾಕಿದೆ."

"ಗೊತ್ತೈತಿ. ಕಸಾ ಹೊಡಿಯೂ ಮುಂದ ಬಿಳೀ ಕಾಳ ಕಂಡ್ವು. ನಾ ಏನ್ ಸಕ್ರಿ ಅನ್ಕೋತೇನೇನು?"

"ಮತ್ತ ಬೈಲಿಲ್ಲ ಯಾಕ್ರಿ?"

"ಈ ಗಿಡಾ ತಂದಾಗೂ ಹಿಂಗ ಎಲಿ ಎಲ್ಲಾ ಉದುರಿಸಿ ನಿಂತಿತ್ತು. ಗೊಬ್ರಾ ಹಾಕು ಅಂದವ್ರು, ಕಿತ್ತ ಒಗಿ ಅಂದವ್ರು ಭಾಳ ಮಂದಿ. ನಾ ಬರೇ ನೀರ ಹಾಕಿದೆ. ನೀನೂ ಮಾರಿ ಒಣಗಿಸ್ಕೊಂಡ ನಿಂತಿದ್ದಿ. ಬೈದಿದ್ರ ಸುಟ್ಟ ಹೋಗ್ತಿದ್ದಿ. ಅದಕ ಶರಬತ್ತ ಕೊಟ್ಟೆ."

ನಾಲ್ಕು ವರ್ಷ ಓದಿದ ಪಾಠವನ್ನು ಚಾಚಿ ಒಂದು ಲೋಟದಲ್ಲಿ ಮುಗಿಸಿದ್ದರು.

ಮೊನ್ನೆ ಅವರು ಮತ್ತೆ ಇಳಕಲ್ಲಿಗೆ ಹೋದರು. ಕೊಡವನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಆದರೆ ನನ್ನ ಕೋಣೆಯ ಯೂರಿಯಾ ಡಬ್ಬಿಯನ್ನು ತಮ್ಮ ಜೊತೆ ಒಯ್ದರು. ಇಳಕಲ್ಲಿನ ಬಸ್ಸು ಹೊರಟಾಗ ನೋಡಿದೆ: ಒಂದು ಕಾಲಕ್ಕೆ ಸಸಿ ಕೂತು ಬಂದ ಮಡಿಲಲ್ಲಿ, ಮುಚ್ಚಳ ಬಿಗಿದುಕೊಂಡು, ನನ್ನ ವಿದ್ಯೆ ಕೂತು ಹೋಗುತ್ತಿತ್ತು.