ಒಂದು ಮೊರ ನುಚ್ಚು

ಹಗಲು ಹೊತ್ತಿನಲ್ಲಿ ಯಾರ ಮನೆಯ ಬಾಗಿಲಿಗೂ ಅಗುಳಿ ಬೀಳದಿದ್ದ ಕಾಲ ಅದು. ಕಪ್ಪತಗುಡ್ಡದ ಕಡೆಯಿಂದ ಗಾಳಿ ತಿರುಗಿದರೆ ನಮ್ಮೂರು ಡೋಣಿಯ ಓಣಿಗಳಲ್ಲಿ ಹೊಸ ಜೋಳದ ಹೊಟ್ಟಿನ ವಾಸನೆ ತುಂಬಿಕೊಳ್ಳುತ್ತಿತ್ತು. ಅಡುಗೆಮನೆಯ ಗೂಟಕ್ಕೆ ರೊಟ್ಟಿ ಬುಟ್ಟಿ ತೂಗುತ್ತಿತ್ತು. ಚಿಣಿಕೋಲು ಆಡಿ ಹಸಿದು ಬಂದವರು ಕೈಹಾಕಿ ಒಂದು ರೊಟ್ಟಿ ಎಳೆದುಕೊಂಡು, ಖಾರದ ಶೇಂಗಾ ಹಿಂಡಿ ಉದುರಿಸಿಕೊಂಡು ಮತ್ತೆ ಓಡುವುದು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇದ್ದೀತು. ಆ ಬುಟ್ಟಿಯ ನೆನಪು ನಿಮಗೆ ಸಿಹಿಯಾಗಿದ್ದರೆ ನಿಮ್ಮ ಪುಣ್ಯ. ನನಗೆ ಅದು ನೆನಪಾದರೆ ಈ ವಯಸ್ಸಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ.

ಕರ್ನಾಟಕ ಒಂದಾದ ವರ್ಷದ ಸುಗ್ಗಿ. ನನಗೆ ಹತ್ತು, ತಮ್ಮ ತಿಪ್ಪಣ್ಣನಿಗೆ ಐದು. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಅದಕ್ಕೇ ತಿಪ್ಪಣ್ಣ ಹುಟ್ಟಿದೊಡನೆ ಅವನನ್ನು ತಿಪ್ಪೆಯ ಮೇಲೆ ಉರುಳಿಸಿ, ಸೂಲಗಿತ್ತಿ ದುರಗವ್ವನ ಕೈಗೆ ಕೊಟ್ಟು, ಒಂದು ಮೊರ ಜೋಳದ ನುಚ್ಚು ಸುರಿದು ಅವಳಿಂದ ಮತ್ತೆ ಕೊಂಡುಕೊಂಡಿದ್ದರು. ಈ ಕೂಸು ಈ ಮನೆಯದಲ್ಲ, ಕೊಂಡು ತಂದದ್ದು ಎಂದರೆ ಸಾವು ಮೋಸಹೋಗಿ ಹಿಂದಿರುಗುತ್ತದೆ ಎಂಬ ನಂಬಿಕೆ. ಆಮೇಲೂ ಆ ಮಾತನ್ನು ಯಾರೂ ಮುರಿಯುವಂತಿರಲಿಲ್ಲ. ಮುರಿದರೆ ಕೂಸು ಉಳಿಯದು.

ಅವ್ವ ಅವನನ್ನು ಕಣ್ಣಳತೆ ದಾಟಲು ಬಿಡುತ್ತಿರಲಿಲ್ಲ. ಹಾಲಿನ ಕೆನೆ ಅವನಿಗೆ, ಅವ್ವನ ಕೌದಿಯೊಳಗಿನ ಜಾಗ ಅವನಿಗೆ. ನಾನು ಅಪ್ಪನ ತಾಯಿಯ ಮಗ್ಗುಲಿಗೆ. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಆದರೆ ಮಂದಿಯೆದುರು ಅವ್ವ ತಿಪ್ಪಣ್ಣನನ್ನು ಒಮ್ಮೆಯೂ ತನ್ನ ಮಗ ಅನ್ನಲಿಲ್ಲ. "ಕೊಂಡ ಕೂಸರಿ ಇದು, ತಿಪ್ಪಿ ಮ್ಯಾಲಿಂದು" ಅನ್ನುತ್ತಿದ್ದಳು. ಅಪ್ಪ ಊರಿನ ಶಾಲೆಯ ಮಾಸ್ತರರು. ಶಾಲೆಯ ಛಡಿ ಸಂಜೆಗೆ ಅವರ ಜೊತೆ ಮನೆಗೂ ಬರುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ಮನೆಯಲ್ಲಿ ಉಳಿದಿದ್ದ ಕೊನೆಯ ಬೆಲ್ಲದ ಹೆಂಟೆಯನ್ನು ಅವನ ಕೈಗಿಟ್ಟಳು. ನಾನು ಅವನನ್ನು ಬಣವೆಯ ಹಿಂದೆ ಕರೆದುಕೊಂಡು ಹೋದೆ.

"ಲೇ ತಿಪ್ಯಾ, ನೀ ನಮ್ಮಾಂವ ಅಲ್ಲ. ಒಂದ ಮರ ನುಚ್ಚ ಕೊಟ್ಟ ದುರಗವ್ವನ ಕಡಿಂದ ತಂದಾರ ನಿನ್ನ."

"ಸುಳ್ಳ."

"ಖರೆ. ಬೇಕಾದ್ರ ಆಯೀನ್ನ ಕೇಳ ಹೋಗ."

ಓಡಿದ. ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು: "ಹೌದಲೇ ನನ ರಾಜಾ! ಅದೂ ಹುಳಾ ಹಿಡದ ನುಚ್ಚ ನೋಡ." ಅವ್ವನ ಹತ್ತಿರ ಹೋದ. ಅವ್ವ ಕೇರುತ್ತಿದ್ದ ಮೊರವನ್ನು ಅಲ್ಲೇ ನಿಲ್ಲಿಸಿ, ಬಾಗಿಲ ಕಡೆ ಒಮ್ಮೆ ನೋಡಿ, "ಹೂಂನಪಾ, ಕೊಂಡೇನಿ" ಅಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಸಾವು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದೆ ಎಂದು ಅವಳಿಗೆ ಅನ್ನಿಸಿರಬೇಕು.

ಇದು ಬರೀ ಶಾಸ್ತ್ರ ಎಂದು ಆಯಿ ನನಗೆ ಎಂದೋ ಗುಟ್ಟಾಗಿ ಹೇಳಿದ್ದಳು. ಅದು ಗೊತ್ತಿದ್ದೂ ನಾನು ಇನ್ನೊಂದು ಮಾತು ಸೇರಿಸಿದೆ. ಅದು ಯಾರ ಶಾಸ್ತ್ರವೂ ಅಲ್ಲ, ಪೂರ್ತಿ ನನ್ನದು.

"ನೀ ಹಿಂಗ ಕಾಡಿದ್ರ ಅವ್ವ ದುರಗವ್ವಗ ಇನ್ನೊಂದ ಮರ ನುಚ್ಚ ಕೊಟ್ಟ ಬ್ಯಾರೆ ಚಲೋ ಕೂಸ ತರತಾಳ. ನಿನ್ನ ತಿರಗಿ ಅಕೀಗೆ ಒಪ್ಪಸ್ತಾಳ."

ಮರುದಿನದಿಂದ ಶುರುವಾಯಿತು. ಅವ್ವ ಮೊರ ಹಿಡಿದು ಕೂತರೆ ಬಂದು ಒದೆಯುತ್ತಿದ್ದ. ನುಚ್ಚಿನ ಗಡಿಗೆಗೆ ನೀರು ಸುರಿದ. ಬೀಸುವ ಕಲ್ಲಿನ ಮೇಲೆ ಕೂತು ಇಳಿಯಲೊಲ್ಲೆನೆಂದ. ಹಾಸಿಗೆ ಒದ್ದೆ ಮಾಡುವುದು ನಿಂತು ವರ್ಷವಾಗಿತ್ತು, ಅದೂ ಮರಳಿತು. ಅಪ್ಪ ಹೊಡೆದಷ್ಟೂ ಅವನು ಒದೆಯುವುದು ಹೆಚ್ಚಾಯಿತು. ಒಂದು ಸಂಜೆ ಕಟ್ಟೆಯ ಮೇಲೆ ಅಪ್ಪ ಇನ್ನೊಬ್ಬ ಮಾಸ್ತರರಿಗೆ, "ಮುಂಬೈದಾಂವರು ನಮ್ಮನ್ನ ಬಿಟ್ಟ ಕೊಡೂದು ಖರೆ ನೋಡ್ರಿ" ಎಂದು ರಾಜ್ಯದ ಮಾತು ಹೇಳುತ್ತಿದ್ದರು. ಅಷ್ಟು ಕೇಳಿದ್ದೇ ತಡ, ತಿಪ್ಯಾ ಓಡಿಹೋಗಿ ಎತ್ತಿನ ಗೋದಲಿಯಲ್ಲಿ ಮೇವಿನ ಕೆಳಗೆ ಅಡಗಿದ. ಹುಡುಕಿ ತೆಗೆದವನು ನಾನೇ.

"ಅಣ್ಣಾ, ನನ್ನ ಅಲ್ಲ ಹೌದಿಲ್ಲೋ? ನನ್ನ ಕೊಡೂದಿಲ್ಲ ಹೌದಿಲ್ಲೋ?"

ನಾನು ನಕ್ಕೆ. ಆದರೆ ಅಂದಿನಿಂದ ನನಗೂ ಊಟ ಸೇರದಾಯಿತು. ಹೇಳಿಬಿಡಬೇಕು ಅನ್ನಿಸುತ್ತಿತ್ತು. ಅಪ್ಪನ ಛಡಿ ಕಂಡರೆ ಹಿತ್ತಲ ಕಡೆ ನಡೆದುಬಿಡುತ್ತಿದ್ದೆ.

ರಾಶಿ ಮುಗಿದ ಮೇಲೆ ದುರಗವ್ವ ವರ್ಷದ ಪಾಲು ಕೇಳಲು ಬಂದಳು. ಅವ್ವ ಮೊರದ ತುಂಬ ನುಚ್ಚು ತುಂಬಿ ಅವಳ ಉಡಿಗೆ ಸುರಿಯಲು ಎತ್ತಿದಳು. ತಿಪ್ಯಾ ಎಲ್ಲಿದ್ದನೋ, ಹಾರಿ ಬಂದು ದುರಗವ್ವನ ಮುಂಗೈ ಕಚ್ಚಿ ಹಿಡಿದ. ರಕ್ತ ಬಂತು. ನುಚ್ಚು ಅಂಗಳದ ತುಂಬ ಚೆಲ್ಲಿತು, ಕೋಳಿಗಳು ಮುತ್ತಿದವು.

"ಅಯ್ಯ ನನ ಹಡದವ್ವ! ನಾ ಎತ್ತಿದ ಕೂಸ ನನ್ನ ತಿನ್ನಾಕ ಬಂದೈತಲ್ಲ!" ಎಂದಳು ದುರಗವ್ವ.

"ಮೈಯಾಗ ಗಾಳಿ ಸೇರೈತಿ. ಬರಿ ಹಾಕ್ರಿ, ಸುದ್ದ ಆಗ್ತಾನ" ಎಂದಳು ಆಯಿ.

ಅಪ್ಪ ಶಾಲೆಯಿಂದ ಬಂದರು. ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿ ಒಲೆಯಲ್ಲಿ ಕೆಂಪಾಯಿತು. ಅವ್ವ ಗೋಡೆಗೆ ಮುಖ ಮಾಡಿ ಕೂತಳು.

"ಈರ್ಯಾ, ಕಾಲ ಹಿಡಕೋ" ಎಂದರು ನನಗೆ.

ಹಿಡಿದೆ. ಆ ಸಣ್ಣ ಕಾಲು ನನ್ನ ಕೈಯೊಳಗೆ ಕೋಳಿಮರಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ತಿಪ್ಯಾ ಅಪ್ಪನನ್ನು ನೋಡಲಿಲ್ಲ. ಅವ್ವನನ್ನು ಕರೆಯಲಿಲ್ಲ. ನನ್ನ ಮುಖವನ್ನೇ ನೋಡಿದ.

"ಅಣ್ಣಾ, ನೀ ಹೇಳೋ. ನಿನಗ ಗೊತ್ತೈತಿ. ಹೇಳೋ."

ಅಪ್ಪನ ಕೈ ತಡೆಯಿತು. "ಏನಲೇ ಅದು, ಹೇಳೂದು?"

ಹೇಳಿದರೆ ಆ ಕೆಂಪು ಕಬ್ಬಿಣ ನನ್ನ ಕಡೆ ತಿರುಗುತ್ತದೆ ಎಂದು ಹೆದರಿದೆ.

"ಏನಿಲ್ರಿ ಅಪ್ಪಾ" ಅಂದೆ.

ಎಡಗಾಲಿನ ಮೀನಖಂಡದ ಮೇಲೆ ಎರಡು ಬರೆ. ಆ ವಾಸನೆಯ ಮಾತು ಬೇಡ.

ಅಲ್ಲಿಂದ ಮುಂದೆ ತಿಪ್ಪಣ್ಣ ಯಾವ ಮೊರವನ್ನೂ ಒದೆಯಲಿಲ್ಲ. ಹೇಳಿದ ಕೆಲಸ ಮಾಡಿದ, ಹೇಳದ್ದನ್ನೂ ಮಾಡಿದ. "ನೋಡ್ರಿ, ಹೆಂಗ ಶಾಣ್ಯಾ ಆದ" ಎಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬಂದಳು. ರಾಜ್ಯ ಒಂದಾದ ದಿನ ಶಾಲೆಯಲ್ಲಿ ಸಕ್ಕರೆ ಹಂಚಿದರು. ನಾನು ದಾರಿಯಲ್ಲೇ ಮುಗಿಸಿದೆ. ಅವನು ಮುಷ್ಟಿಯಲ್ಲಿ ಬಿಗಿಹಿಡಿದು ಮನೆಗೆ ತಂದು, ಬೆವರಿಗೆ ಕರಗಿದ್ದನ್ನು ಅವ್ವನಿಗೆ ತೋರಿಸಿ, "ತಿನ್ನಲೇನ್ರಿ?" ಎಂದು ಕೇಳಿದ. ಅವ್ವ ಅವನನ್ನು ಬಾಚಿ ತಬ್ಬಿಕೊಂಡಳು. ಅವನು ನೆಂಟರ ಮನೆಯ ಹುಡುಗನಂತೆ ಸುಮ್ಮನೆ ನಿಂತಿದ್ದ.

ರೊಟ್ಟಿ ಬುಟ್ಟಿಗೆ ಅವನು ಮತ್ತೆಂದೂ ತಾನಾಗಿ ಕೈಹಾಕಲಿಲ್ಲ. ಹಸಿದರೆ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದ, ಅಷ್ಟೇ.

ಅವ್ವನ ಭಯ, ಆಯಿಯ ನಗು, ಅಪ್ಪನ ಛಡಿ ಎಲ್ಲವೂ ಆ ಮಗುವಿನ ಮೇಲೆ ಬಿದ್ದಿದ್ದವು ನಿಜ. ಆದರೆ ಅವನು ಯಾಕೆ ಹಾಗಾದ ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದವನು ಆ ಮನೆಯಲ್ಲಿ ಒಬ್ಬನೇ.

ಅವ್ವ ತೀರಿದಾಗ ತಿಪ್ಪಣ್ಣ ಮುಂಡರಗಿಯಿಂದ ಬಂದ. ತಲೆ ಅರ್ಧ ನರೆತಿತ್ತು. ಮಂದಿಯ ಹಿಂದೆ ನಿಂತು, ನಾನು ಒಬ್ಬನೇ ಇದ್ದಾಗ ಹತ್ತಿರ ಬಂದು ಕೇಳಿದ: "ಅಣ್ಣಾ, ನಾನೂ ಹೆಗಲ ಕೊಡಬೌದೇನು?" ಆಗಲಾದರೂ ಹೇಳಬಹುದಿತ್ತು. "ಬಾ" ಎಂದೆನಷ್ಟೇ.

ಕಳೆದ ವರ್ಷ ಅವನೂ ಹೋದ. ಮೈ ತೊಳೆಯುವಾಗ ಅವನ ಮಗ ಮೀನಖಂಡದ ಕಲೆಗಳನ್ನು ಸವರಿ, "ದೊಡ್ಡಪ್ಪಾ, ಇವು ಎದರವು?" ಎಂದು ಕೇಳಿದ. "ಸಣ್ಣಾಂವಿದ್ದಾಗ ಬಾಳ ಹಠಾ ಮಾಡ್ತಿದ್ದಪಾ" ಎಂದೆ. ಎಪ್ಪತ್ತು ವರ್ಷ ಆಗುತ್ತ ಬಂದರೂ ಮತ್ತದೇ ಸುಳ್ಳು. ಆ ಹುಡುಗ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ಡೋಣಿಯ ಮನೆ ಈಗಿಲ್ಲ. ಗೂಟವಿಲ್ಲ, ಬುಟ್ಟಿಯಿಲ್ಲ. ಅದಕ್ಕೆ ಅಳುವುದಿಲ್ಲ. ಕೇಳದೆ ಆ ಬುಟ್ಟಿಗೆ ಕೈಹಾಕುತ್ತಿದ್ದ ತಮ್ಮನೊಬ್ಬ ನನಗೆ ಐದು ವರ್ಷ ಮಾತ್ರ ಇದ್ದ. ಅವ್ವ ಒಂದು ಮೊರ ನುಚ್ಚು ಕೊಟ್ಟು ಅವನನ್ನು ಉಳಿಸಿಕೊಂಡಿದ್ದಳು. ನಾನು ಅವನನ್ನು ಸುಮ್ಮನೆ ಕಳೆದುಕೊಂಡೆ.