ಗುರುಲಿಂಗಮ್ಮ ಅಕ್ಕೋರು ಮತ್ತು ನಮಗೆ ಕೇಳಿಸದೆ ಹೋದ ಕೂಗು

ಸೋಲಾಪುರ, ಅಕ್ಕಲಕೋಟ ಸೀಮೆಯ ಕನ್ನಡ ಶಾಲೆಗಳಲ್ಲಿ ಹಾಡನ್ನು ಪಾಠದಷ್ಟೇ ಶ್ರದ್ಧೆಯಿಂದ ಕಲಿಸಿದವರನ್ನು ನೆನೆಯುವಾಗ ಪೂಜ್ಯ ಗುರುಲಿಂಗಮ್ಮನವರ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. ೧೯೯೪ರಲ್ಲಿ ಕುಂಭಾರಿಯ ಆಚೆಗಿರುವ ನಮ್ಮೂರ ಪ್ರೌಢಶಾಲೆಗೆ ಕನ್ನಡ ಶಿಕ್ಷಕಿಯಾಗಿ ಬಂದ ಅವರು, ಸಂಗೀತಕ್ಕೆಂದು ಒಂದು ಹುದ್ದೆಯೂ ಇಲ್ಲದ ಆ ಶಾಲೆಯಲ್ಲಿ ತಮ್ಮ ಮನೆಯ ಹಾರ್ಮೋನಿಯಂ ತಂದಿಟ್ಟು, ಮೂವತ್ತೊಂದು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟು, ಈ ವರ್ಷ ನಿವೃತ್ತರಾಗಿದ್ದಾರೆ. ನಮಗೆಲ್ಲ ಅವರು ಅಕ್ಕೋರು.

ಈ ಗ್ರಂಥಕ್ಕೆ ಬರೆಯಲು ನನ್ನನ್ನು ಕೇಳಿದಾಗ ನಾನು ಒಪ್ಪಲಿಲ್ಲ. ನ್ಯಾಯಾಲಯದಲ್ಲಿ ಅಕ್ಕೋರು ಸಾಕ್ಷಿ ನುಡಿದದ್ದು ನನ್ನ ವಿರುದ್ಧ. ಆ ಸಾಕ್ಷಿಯಿಂದಲೇ ನಾನು ಜೈಲಿಗೆ ಹೋದೆ. ಅಂಥವನ ಬರಹ ಅಭಿನಂದನೆಯ ಪುಸ್ತಕದಲ್ಲಿ ಶೋಭಿಸದೆಂದು ಸಂಪಾದಕರಿಗೆ ತಿಳಿಸಿದ್ದೆ. ಎರಡು ದಿನ ಬಿಟ್ಟು ಅಕ್ಕೋರೇ ಫೋನ್ ಮಾಡಿದರು.

"ಸ್ವಪ್ನಿಲ, ನೀನೂ ಬರಿ. ನನ್ನ ಹೊಗಳಾಕ ಬ್ಯಾರೆ ಮಂದಿ ಅದಾರ. ಸಾರಿಕಾನ ಹೆಸರು ಇಲ್ಲದ ಪುಸ್ತಕ ನನಗ ಬ್ಯಾಡ."

ಆದ್ದರಿಂದ ಬರೆಯುತ್ತಿದ್ದೇನೆ.

೨೦೦೭ರಲ್ಲಿ ನಾನು ಎಂಟನೆಯ ತರಗತಿಗೆ ಸೇರಿದೆ. ಬೆಂಚು ಬಡಿಯುತ್ತಾನೆಂದು ಉಳಿದ ಗುರುಗಳು ಹೊರಗೆ ನಿಲ್ಲಿಸುತ್ತಿದ್ದ ಹುಡುಗನ ಕೈಯಲ್ಲಿ ತಾಳವಿದೆ ಎಂದು ಮೊದಲು ಕಂಡವರು ಅಕ್ಕೋರು. ತಮ್ಮ ತಂದೆಯವರ ತಬಲಾ ಜೋಡಿಯನ್ನು ನನ್ನ ಮುಂದಿಟ್ಟರು. ರಜೆಯ ದಿನಗಳಲ್ಲಿ ಮನೆಗೆ ಕರೆದು ಜೋಳದ ರೊಟ್ಟಿ ಉಣಿಸಿ, ಮೂರು ವರ್ಷ ಕೂರಿಸಿಕೊಂಡು ಕಲಿಸಿದರು. ಅವರ ತರಗತಿಯಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಇಪ್ಪತ್ತು ಮಕ್ಕಳು ಹಾಡುತ್ತಿರುವಾಗ ಒಬ್ಬರಿಗೆ ಕಣ್ಸನ್ನೆ ಮಾಡಿ ಸುಮ್ಮನಾಗಿಸುತ್ತಿದ್ದರು. ಹಾಡು ಮುಗಿದ ಮೇಲೆ "ಯಾರ ದನಿ ನಿಂತಿತು?" ಎಂದು ಕೇಳುವರು. ಯಾರಿಗೂ ತಿಳಿಯದಿದ್ದರೆ ಮತ್ತೆ ಮೊದಲಿನಿಂದ.

ಒಮ್ಮೆ ನಮ್ಮನ್ನೆಲ್ಲ ಬೀರೋಬಾ ಗುಡಿಗೆ ಕರೆದೊಯ್ದು ಡೊಳ್ಳಿನವರ ಎದುರು ಕೂರಿಸಿದರು. ಇಪ್ಪತ್ತು ಡೊಳ್ಳುಗಳು ಒಟ್ಟಿಗೆ ಬಿದ್ದರೆ ಎದೆ ಅದುರುತ್ತಿತ್ತು. ಇದು ಗದ್ದಲವಲ್ಲವೇ ಎಂದು ನಾನು ಕೇಳಿದೆ. "ಅವರ ಕಣ್ಣು ನೋಡು. ಒಬ್ಬರ ಕೈ ಒಬ್ಬರು ನೋಡಾಕತ್ಯಾರ. ದನಿ ದೊಡ್ಡದಾದ್ರ ಗದ್ದಲ ಆಗೂದಿಲ್ಲೋ. ಬಾಜೂದವನ ದನಿ ಕೇಳಸದಂಗ ಆತಂದ್ರ ಆವಾಗ ಗದ್ದಲ" ಎಂದರು. ಹದಿಮೂರರ ವಯಸ್ಸಿಗೆ ಆ ಮಾತು ಅರ್ಥವಾದಂತೆ ಅನ್ನಿಸಿತ್ತು.

ಹತ್ತನೆಯ ತರಗತಿಯಾಚೆ ನಾನು ಓದಲಿಲ್ಲ. ಸೋಲಾಪುರದಲ್ಲಿ ಮದುವೆಗಳಿಗೆ ಮಂಟಪ, ಮೈಕು ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಇಪ್ಪತ್ತೊಂದಕ್ಕೆ ಸ್ವಂತ ಡಿ.ಜೆ. ಕಟ್ಟಿದೆ. ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಆಳೆತ್ತರದ ಸ್ಪೀಕರುಗಳು, ಹಿಂದೆ ಜನರೇಟರು. ಅಕ್ಕೋರು ದಾರಿಯಲ್ಲಿ ನಿಲ್ಲಿಸಿ ಕೇಳಿದರು:

"ಅದು ಬಡಿಯೂ ಮುಂದ ನಿನಗ ಯಾರ ದನಿ ಕೇಳಸ್ತದೋ?"

"ಯಾರದೂ ಕೇಳಬಾರದ್ರಿ ಅಕ್ಕೋರ, ಅದಕ್ಕ ಡಿ.ಜೆ. ಅಂತಾರ" ಎಂದು ನಾನು ನಕ್ಕೆ.

೨೦೧೬ರ ಮೇ ತಿಂಗಳು, ಸಂಜೆ ಐದರ ಸುಮಾರು. ಊರಿನ ಹಿರಿಯರಾದ ಭೀಮಣ್ಣನವರ ಮಗನ ಮದುವೆಯ ಮೆರವಣಿಗೆ. ಬಿಸಿಲಿಗೆ ಜನರೇಟರು ಕಾಯುತ್ತದೆಂದು ಅದರ ತಿರುಗುವ ಪಟ್ಟಿಯ ಮೇಲಿನ ಜಾಲರಿಯನ್ನು ನಾನೇ ಬಿಚ್ಚಿ ಇಟ್ಟಿದ್ದೆ. ಕುರಿ ಸಾಕುವ ಮನೆತನದ ಸುಗಲಾಬಾಯಿಯವರ ಮಗಳು ಸಾರಿಕಾ, ಹದಿನಾಲ್ಕರ ಹುಡುಗಿ, ಅಕ್ಕೋರ ತರಗತಿಯಲ್ಲಿ ಹಾಡುತ್ತಿದ್ದವಳು, ವರನನ್ನು ನೋಡಲು ಟ್ರಾಲಿಯ ಪಕ್ಕ ನಿಂತಿದ್ದಳು. ಅವಳ ಓಢಣಿಯ ಸೆರಗು ಪಟ್ಟಿಗೆ ಸಿಕ್ಕಿತು.

ಅಕ್ಕೋರು ಮನೆಗೆ ನಡೆದು ಹೋಗುತ್ತಿದ್ದವರು ಹದಿನೈದು ಹೆಜ್ಜೆ ದೂರದಿಂದ ಅದನ್ನು ಕಂಡರು. ಹುಡುಗಿ ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಿಸಲಿಲ್ಲ. ನಡುವೆ ಕುಣಿಯುವವರು, ಅವರ ಬೆನ್ನು ಹಿಡಿದೆಳೆದು ಒದರಿದರೂ ಯಾರೂ ತಿರುಗಲಿಲ್ಲ. ಆಗ ಅವರು ನನ್ನ ಕಡೆ ಎರಡೂ ಕೈ ಎತ್ತಿ ನಿಲ್ಲಿಸು, ನಿಲ್ಲಿಸು ಎಂದು ಬೀಸಿದರು. ನಾನು ಟ್ರಾಲಿಯ ಮೇಲೆ ಎತ್ತರದಲ್ಲಿದ್ದೆ, ಸ್ಪೀಕರುಗಳ ಹಿಂದಿನ ಜನರೇಟರು ಕಾಣುತ್ತಿರಲಿಲ್ಲ. ಅವರನ್ನು ನೋಡಿದೆ. ಎಂದಿನಂತೆ ಬೈಯಲು ಬಂದಿದ್ದಾರೆ ಎಂದುಕೊಂಡೆ. ನಕ್ಕು, ದನಿಯನ್ನು ಇನ್ನೊಂದಿಷ್ಟು ಏರಿಸಿದೆ.

ಯಾರೋ ಜನರೇಟರು ನಿಲ್ಲಿಸಿದಾಗ ಊರೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಸಾರಿಕಾ ತೀರಿಹೋಗಿದ್ದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕೋರು ರಸ್ತೆಯಲ್ಲಿ ಕೂತಿದ್ದರು.

ಮೊಕದ್ದಮೆ ಮೂರು ವರ್ಷ ನಡೆಯಿತು. ಭೀಮಣ್ಣನವರು ಅಕ್ಕೋರ ಮನೆಗೆ ಬಂದು, "ಪೋರಿ ಟ್ರಾಲಿ ಹತ್ತಿ ಆಡಾಕತ್ತಿತ್ತು ಅನ್ರಿ. ಸ್ವಪ್ನಿಲ ನಿಮ್ಮ ಶಿಷ್ಯ, ಅವನ ಜಿಂದಗಿ ಉಳೀತದ" ಎಂದರಂತೆ. "ಹತ್ತಿದ್ದಿಲ್ಲ, ಭೀಮಣ್ಣ. ನಿಂತಿದ್ದಳು" ಎಂದು ಅಕ್ಕೋರು ಕಳಿಸಿದರು. ಇತ್ತ ಸುಗಲಾಬಾಯಿಯವರ ಕಡೆಯವರ ಒತ್ತಾಯ ಬೇರೆಯಾಗಿತ್ತು: ಹುಡುಗಿ ಸಿಕ್ಕಿಕೊಂಡದ್ದನ್ನು ಕಂಡೂ ಅವನು ನಿಲ್ಲಿಸಲಿಲ್ಲ ಎಂದು ಹೇಳಬೇಕು.

ಅಕ್ಕೋರು ಕಟಕಟೆಯಲ್ಲಿ ಕಂಡದ್ದಷ್ಟನ್ನೇ ಹೇಳಿದರು. "ಜಾಲರಿ ಇರಲಿಲ್ಲ. ಹುಡುಗಿ ನೆಲದ ಮೇಲೆ ನಿಂತಿದ್ದಳು. ನಾನು ಕೈ ಬೀಸಿದೆ, ಅವನು ನನ್ನನ್ನು ನೋಡಿದ, ದನಿ ಏರಿಸಿದ. ಹುಡುಗಿ ಅವನಿಗೆ ಕಾಣುತ್ತಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ." ನನಗೆ ಒಂದೂವರೆ ವರ್ಷದ ಶಿಕ್ಷೆಯಾಯಿತು. ಹೊರಗೆ ವರಾಂಡದಲ್ಲಿ ಸುಗಲಾಬಾಯಿ ಅಕ್ಕೋರನ್ನು ತಡೆದು, "ಅವಗ ಗೊತ್ತಿದ್ದಿಲ್ಲ ಅಂತ ಯಾಕ ಹೇಳಿದ್ರಿ? ನಿಮ್ಮ ಮಗಳಾಗಿದ್ರ ಹೇಳ್ತಿದ್ರೇನ್ರಿ?" ಎಂದು ಕೇಳಿದ್ದನ್ನು ನಾನು ಪೊಲೀಸರ ನಡುವೆ ನಿಂತು ಕೇಳಿಸಿಕೊಂಡೆ.

ಆ ದಿನದಿಂದ ಊರಿನ ಎರಡೂ ಪಾಲು ಅವರಿಗೆ ಮುಚ್ಚಿಹೋಯಿತು. ಅರಿಶಿನ ಕುಂಕುಮಕ್ಕೆ ಕರೆಯುವವರು ಇಲ್ಲವಾದರು. ಹಾಡಿನ ತರಗತಿಯಿಂದ ಮಕ್ಕಳನ್ನು ಬಿಡಿಸಿದರು, ಇಪ್ಪತ್ತಿದ್ದವರು ಮೂವರಾದರು. ಮೂವರಿಗೇ ಕಲಿಸಿದರು. ಜೈಲಿಗೆ ನನ್ನನ್ನು ನೋಡಲು ಬರುತ್ತಿದ್ದವರು ನನ್ನ ತಾಯಿಯನ್ನು ಬಿಟ್ಟರೆ ಅಕ್ಕೋರೊಬ್ಬರೇ. ಮೊದಲ ಭೇಟಿಯಲ್ಲಿ ನಾನು ಮುಖ ತಿರುಗಿಸಿಕೊಂಡೆ. ಎರಡನೆಯ ಸಲ, "ನಾ ಯಾಕ ಏರಿಸಿದೆನ್ರಿ ಅಕ್ಕೋರ?" ಎಂದು ಕೇಳಿ ಅತ್ತೆ. "ಅದನ್ನ ನೀ ಹೇಳಬೇಕು. ಇವತ್ತೇ ಹೇಳಬೇಕಂತಿಲ್ಲ" ಎಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೆ ಬಂದರು.

ಈಗ ನಾನು ಸೋಲಾಪುರದ ಒಂದು ಚಾದರ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುತ್ತೇನೆ. ಬಲಗಿವಿ ಹೋಗಿದೆ. ಎಡಗಿವಿಗೆ, ನಲವತ್ತು ಮಗ್ಗಗಳ ಸದ್ದಿನ ನಡುವೆಯೂ, ಒಂದು ಮಗ್ಗದ ಲಯ ತಪ್ಪಿದರೆ ತಿಳಿಯುತ್ತದೆ. ಅಕ್ಕೋರಿಗೆ ಹೇಳಿದಾಗ ಅವರು "ಇದು ಆವಾಗ ತಿಳೀಬೇಕಿತ್ತು" ಎಂದರು. ಅವರು ನನಗಾಡಿದ ಅತ್ಯಂತ ಕಠಿಣವಾದ ಮಾತು ಅದೇ. ಅದು ಸತ್ಯವೂ ಆಗಿತ್ತು.

ಪ್ರತಿವರ್ಷ ಸಾರಿಕಾ ತೀರಿದ ದಿನ ಅಕ್ಕೋರು ಸುಗಲಾಬಾಯಿಯವರ ಮನೆಗೆ ಹೋಗುತ್ತಾರೆ. ಬಿಡುಗಡೆಯಾದಂದಿನಿಂದ ನಾನೂ ಜೊತೆಗೆ ಹೋಗಿ, ರಸ್ತೆಯ ಮೇಲೆ ಬೇವಿನ ಮರದ ಕೆಳಗೆ ನಿಲ್ಲುತ್ತೇನೆ. ಬಾಗಿಲು ಎಂದೂ ತೆರೆದಿರಲಿಲ್ಲ. ಅಕ್ಕೋರು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬರುವರು. ಈ ವರ್ಷ ಬಾಗಿಲು ತೆರೆಯಿತು. ಇಬ್ಬರೂ ಮಾತಾಡಿದ್ದು ಕಂಡಿತು. ಏನೆಂಬುದು ನನಗೆ ಕೇಳಿಸಲಿಲ್ಲ. ಮರಳುವ ದಾರಿಯಲ್ಲಿ ಅಕ್ಕೋರೇ ಹೇಳಿದರು.

"ನನ್ನ ಮಗಳು ಏನಂತ ಒದರಿದಳ್ರಿ, ಅವ್ವಾ ಅಂದಳೇನ್ರಿ, ಅಂತ ಕೇಳಿದಳು."

"ನೀವು ಏನಂದ್ರಿ?"

"ನನಗ ಕೇಳಸಲಿಲ್ಲವ್ವಾ ಅಂದೆ."

ಹೌದು ಎಂದುಬಿಟ್ಟಿದ್ದರೆ ಒಬ್ಬ ತಾಯಿಗೆ ನೆಮ್ಮದಿ ಸಿಗುತ್ತಿತ್ತು. ಆದರೆ ಆ ಕೊನೆಯ ಮಾತನ್ನು ನನ್ನ ಯಂತ್ರ ನುಂಗಿತ್ತು. ಅದರ ಜಾಗದಲ್ಲಿ ಬೇರೊಂದನ್ನು ಇಡುವ ಹಕ್ಕು ತಮಗಿಲ್ಲವೆಂದು ಅಕ್ಕೋರು ಬಗೆದರು. ಸುಗಲಾಬಾಯಿ ಅಕ್ಕೋರನ್ನೇ ನೋಡುತ್ತ ನಿಂತು, "ಹೋಗ್ರಿ ಇನ್ನ" ಎಂದು ಬಾಗಿಲು ಹಾಕಿಕೊಂಡರಂತೆ.

"ಬರೂ ವರ್ಷನೂ ಹೋಗತೀನಿ" ಎಂದು ಅಕ್ಕೋರು ನನಗೆ ಹೇಳಿದರು.

ಬೋರಾಮಣಿ ಎಂಬ ಊರಿನ ಮಕ್ಕಳಿಗೆ ಹಾಡು ಕಲಿಸುವ ಕೆಲಸವನ್ನು ಅವರು ಈಗಾಗಲೇ ಒಪ್ಪಿಕೊಂಡಿದ್ದಾರೆ, ಅದು ಬೆಳೆಯಲಿ. ಆ ಬಾಗಿಲಿನವರೆಗೆ ಇನ್ನೂ ಬಹಳ ವರ್ಷ ನಡೆದು ಹೋಗುವಷ್ಟು ಆಯುಷ್ಯವೂ ಕಾಲುಗಳಲ್ಲಿ ಬಲವೂ ಅಕ್ಕೋರಿಗೆ ಇರಲಿ.